ಎಲೆಬಳ್ಳಿಗೆ ಹೊದಿಸಿದ ಹಳದಿ ಸೀರೆ

ಚಾಮರಾಜಪೇಟೆ
ತಾ. ೨೬–೧೧–೨೦೨೫, ಬುಧವಾರ

ಚಿ. ಸೌ. ಪ್ರತಿಭಾಗೆ ಗುರುಬಸಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಾವೆಲ್ಲ ಅಂದರೆ ನಾನು, ನಂದೀಶ, ಹಿತ್ತಲಿನ ಗಿಡಗಳು. ನೀನೂ ಮಗು ಆರಾಧನಾನೂ ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ. ನಿನ್ನ ಮೆಸೇಜು ಸೋಮವಾರವೇ ಬಂತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆ ಫೋನಿನಲ್ಲಿ ನಾನು ಒಂದು ಅಕ್ಷರ ಒತ್ತಿದರೆ ಅದು ಮೂರು ಅಕ್ಷರ ಕಕ್ಕುತ್ತದೆ. ಅದಕ್ಕೇ ಮಗು ಬಿಟ್ಟುಹೋದ ಕಾಪಿ ಪುಸ್ತಕದಲ್ಲಿ ಹಾಳೆ ಹರಿದುಕೊಂಡು ಕೂತಿದ್ದೇನೆ. ನನ್ನ ಬರಹ ನಿನಗೆ ಗೊತ್ತೇ ಇದೆ, ಊರ ಸ್ಕೂಲಿನ ನಾಲ್ಕನೇ ಕ್ಲಾಸಿಗೆ ನಿಂತುಹೋದದ್ದು. ಸಾಲು ತಪ್ಪಿದ ಇರುವೆಗಳ ಹಾಗಿರುತ್ತದೆ. ನಗುವುದಿದ್ದರೆ ನೀನೊಬ್ಬಳೇ ನಕ್ಕುಬಿಡು, ಆರಾಧನಾಗೆ ತೋರಿಸಬೇಡ.

ಮೇಲೆ "ಚಿ. ಸೌ." ಅಂತ ಬರೆದು ಸುಮಾರು ಹೊತ್ತು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಕೋರ್ಟಿನಲ್ಲಿ ನೀವಿಬ್ಬರೂ ರುಜು ಹಾಕಿ ಬಂದ ಮೇಲೆ ನಿನಗೆ ಹಾಗೆ ಬರೆಯಬಹುದೋ ಬಾರದೋ ನನಗೆ ಹೇಳಿಕೊಡುವವರಿಲ್ಲ. ಬರೆದಿದ್ದೇನೆ. ಜಡ್ಜು ನಿನ್ನನ್ನು ನನ್ನ ಮಗನಿಂದ ಬಿಡಿಸಿರಬಹುದು. ನಾನು ಕಾಗದ ಬರೆಯುವ ಕ್ರಮ ಬಿಡಿಸುವುದಕ್ಕೆ ಆ ಜಡ್ಜಿನ ಅಪ್ಪನ ಕೈಯಲ್ಲೂ ಆಗುವುದಿಲ್ಲ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಕೊಡುವುದಿಲ್ಲ.

ವೀಳ್ಯದೆಲೆ ಬಳ್ಳಿಯದೊಂದು ತುಂಡು ಕತ್ತರಿಸಿಡಿ, ಆಪ್‌ನಲ್ಲಿ ಒಬ್ಬ ಹುಡುಗನನ್ನು ಕಳಿಸುತ್ತೇನೆ, ಬಾಲ್ಕನಿಯ ಕುಂಡದಲ್ಲಿ ನೆಡುತ್ತೇನೆ ಅಂತ ಬರೆದಿದ್ದೀಯಲ್ಲ, ಆ ಹುಡುಗನ ಕೈಗೆ ಕೊಡುವುದಿಲ್ಲ. ಅವನು ಶೂ ಹಾಕಿಕೊಂಡು, ತಲೆಯ ಮೇಲೆ ಹೆಲ್ಮೆಟ್ಟು ಹೊತ್ತುಕೊಂಡು, ಒಂದು ಕಾಲು ಗಾಡಿಯ ಮೇಲೆ ಇನ್ನೊಂದು ಕಾಲು ನೆಲದ ಮೇಲೆ ಇಟ್ಟು, "ಬೇಗ ಕೊಡಿ ಅಜ್ಜಿ, ಇನ್ನೊಂದು ಆರ್ಡರಿದೆ" ಅನ್ನುತ್ತಾನೆ. ಯಾರದೋ ಬಿರಿಯಾನಿ ಪೊಟ್ಟಣದ ಪಕ್ಕದಲ್ಲಿ ನನ್ನ ಬಳ್ಳಿಯನ್ನು ತುರುಕುತ್ತಾನೆ. ಎಲೆಬಳ್ಳಿಯ ಹತ್ತಿರಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದು ಅಂತ ನೀನು ಈ ಮನೆಗೆ ಬಂದ ಹೊಸದರಲ್ಲೇ ನಾನು ಹೇಳಿದ್ದೆ. "ಬಳ್ಳಿಗೆ ಗೊತ್ತಾಗತ್ತಾ ಅತ್ತೆ?" ಅಂತ ನಗಾಡಿದ್ದೆ ನೀನು. ನಗಾಡಿದರೂ ಅವತ್ತಿನಿಂದ ಒಂದು ದಿನವೂ ಚಪ್ಪಲಿ ಬಿಡದೆ ಆ ಕಡೆ ಹೋದವಳಲ್ಲ. ಮರೆತುಬಿಟ್ಟೆಯಾ?

ಇನ್ನೊಂದು ಏನೆಂದರೆ ಇದು ಕತ್ತರಿಸುವ ಕಾಲವೂ ಅಲ್ಲ. ಕಡಲೆಕಾಯಿ ಪರಿಷೆ ಮುಗಿದದ್ದೇ ತಡ, ಚಳಿ ಇಳಿಯಿತು ನೋಡು. ಅಲ್ಲಿಯ ತನಕ ಪಿಚಿಪಿಚಿ ಮಳೆ, ಮೋಡ. ಮೋಡ ಸರಿದ ಮಾರನೇ ಬೆಳಗ್ಗೆಯೇ ಹಿತ್ತಲ ಕಲ್ಲು ಕಾಲಿಡಲಾರದ ಹಾಗೆ ಕೊರೆಯತೊಡಗಿತು. ನಿನ್ನ ಸೇವಂತಿಗೆಗೆ ಚಳಿಯೆಂದರೆ ಹಬ್ಬ, ಹಳದಿ ಬಿಳಿ ಎರಡೂ ಬಿರಿದಿವೆ, ಕೀಳುವವರಿಲ್ಲದೆ ಗಿಡದಲ್ಲೇ ಬಾಡುತ್ತಿವೆ. ಗೋಡೆಯ ಮೇಲಿನ ಅವರೆ ಇಬ್ಬನಿ ಕುಡಿದು ಸೊಗಡು ಬಿಡುತ್ತಿದೆ. ತುಳಸಿ ಕದಿರು ಬಿಟ್ಟು ಸೊರಗಿದೆ, ಅದು ಪ್ರತಿ ವರ್ಷದ ಗೋಳು. ಟೊಮೇಟೊ ಗಿಡ ಎಲೆ ಮುದುಡಿಕೊಂಡು ನನ್ನ ಹಾಗೆ ಮುಖ ಗಂಟು ಹಾಕಿಕೊಂಡಿದೆ. ಎಲೆಬಳ್ಳಿಗೆ ಮಾತ್ರ ಈ ಚಳಿ ಆಗಿಬರುವುದಿಲ್ಲ. ಮೊದಲ ರಾತ್ರಿಗೇ ತುದಿಯ ಚಿಗುರು ಕಪ್ಪಾಯಿತು, ಕೆಳಗಿನ ಎಲೆಗಳು ಹಳದಿ ತಿರುಗಿ ಒಂದೊಂದೇ ಉದುರಿದವು. ಹಿಂದಿನ ವರ್ಷಗಳಲ್ಲಿ ಸಂಜೆಯಾದರೆ ನೀನೇ ಅದರ ಬುಡಕ್ಕೆ ತರಗು ತುಂಬುತ್ತಿದ್ದೆ, ಬೆಳಗ್ಗೆ ಬೆಚ್ಚಗಿನ ನೀರು ಹಾಕುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಅನ್ನುತ್ತಿದ್ದೆ. ಈಗ ಹಾಗಲ್ಲ ಹೀಗೆ ಅನ್ನುವುದಕ್ಕೆ ಯಾರಿದ್ದಾರೆ, ನನ್ನ ಕೈಗೇ ನಾನೇ ಹೇಳಿಕೊಳ್ಳಬೇಕು.

ಮಾರನೇ ಸಂಜೆ ಹೊದಿಸುವುದಕ್ಕೆ ಅಂತ ನನ್ನ ಹಳೇ ಸೀರೆಗಳನ್ನು ತೆಗೆದೆ. ಒಂದು ಟೊಮೇಟೊಗೆ ಹೋಯಿತು, ಇನ್ನೊಂದು ತುಳಸಿಗೆ. ಬಳ್ಳಿ ನುಗ್ಗೆಮರವನ್ನು ತಬ್ಬಿಕೊಂಡು ಆಳೆತ್ತರ ಮೀರಿದೆ, ಉಳಿದ ತುಂಡು ಅದರ ಮೊಣಕಾಲಿಗೂ ಸಾಲದು. ಬೀರುವಿನ ಕೆಳಗಿನ ಖಾನೆಯಲ್ಲಿ ನೀನು ಬಿಟ್ಟುಹೋದ ಹಳದಿ ಚೌಕುಳಿಯ ಹತ್ತಿ ಸೀರೆ ಇತ್ತಲ್ಲ, ನೀನು ಆಫೀಸಿಗೆ ಉಟ್ಟು ಉಟ್ಟು ಮೆದುವಾಗಿದ್ದು, ಅದನ್ನು ತಂದು ಬುಡದಿಂದ ಸುತ್ತಿದೆ. ಸೆರಗು ಉಳಿಯಿತು, ಮೇಲಿನ ಕವಲಿನ ಮೇಲೆ ಹಾಕಿ ಹಿಂದಕ್ಕೆ ಬಿಟ್ಟೆ. ನಿನ್ನನ್ನು ಕೇಳದೆ ಸೀರೆ ಮುಟ್ಟಿದೆ ಅಂತ ಸಿಟ್ಟಾಗಬೇಡ. ಬಿಟ್ಟುಹೋದದ್ದನ್ನು ಏನು ಮಾಡಬೇಕು ಅಂತ ನೀನೂ ಹೇಳಿಹೋಗಲಿಲ್ಲ.

ಬೆಳಗ್ಗೆ ಮಂಜು ಕವಿದಿತ್ತು. ನಂದೀಶನಿಗೆ ಈ ತಿಂಗಳು ಬೆಸ್ಕಾಂನಲ್ಲಿ ರಾತ್ರಿ ಪಾಳಿ. ಅವನು ಬಂದದ್ದು ನನಗೆ ಗೊತ್ತಾಗಲಿಲ್ಲ, ಒಲೆ ಮುಂದಿದ್ದೆ. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದಾನೆ.

"ಯಾವಾಗ ಬಂದ್ಲಮ್ಮ?" ಅಂದ. ಮೆಲ್ಲಗೆ ಅಂದ, ಮಲಗಿದ ಮಗು ಎದ್ದುಬಿಡುತ್ತದೆ ಅನ್ನುವ ಹಾಗೆ.

"ಯಾರು?"

ಅವನು ಗದ್ದ ಎತ್ತಿ ತೋರಿಸಿದ. ಆಗ ನಾನೂ ನೋಡಿದೆ. ನುಗ್ಗೆಮರ ಹಳದಿ ಸೀರೆ ಉಟ್ಟು ನಮಗೆ ಬೆನ್ನು ಮಾಡಿ ನಿಂತಿತ್ತು. ಗಾಳಿಗೆ ಸೆರಗು ಅಲ್ಲಾಡುತ್ತಿತ್ತು. ನೀನು ಕಾಫಿ ಲೋಟ ಹಿಡಿದು ಅಲ್ಲೇ ನಿಂತುಕೊಳ್ಳುತ್ತಿದ್ದೆಯಲ್ಲ, ಥೇಟ್ ಹಾಗೇ.

"ಯಾರೂ ಬಂದಿಲ್ವೋ, ಬಳ್ಳಿಗೆ ಹೊದ್ಸಿರೋದು" ಅಂದೆ. "ಓ" ಅಂದ. ಉಪ್ಪಿಟ್ಟು ಬೇಡ ಅಂದು ಹೋಗಿ ಮಲಗಿದ. ಇದನ್ನು ನಿನ್ನ ಮನಸ್ಸು ಕರಗಿಸಲಿ ಅಂತ ಬರೆಯುತ್ತಿಲ್ಲ, ತಿಳಿದುಕೋ. ನಿಮ್ಮಿಬ್ಬರನ್ನು ಮತ್ತೆ ಒಂದು ಮಾಡುವ ಹುಚ್ಚು ನನಗಿಲ್ಲ. ನೀವು ಪಾತ್ರೆ ಎಸೆದಾಡಿದ್ದರೆ ಮಧ್ಯೆ ಬಂದು ಎತ್ತಿಡುತ್ತಿದ್ದೆ. ಇಬ್ಬರೂ ಕುರ್ಚಿ ಎಳೆದುಕೊಂಡು ಕೂತು, ತಣ್ಣಗೆ ಮಾತಾಡಿ, ತಣ್ಣಗೆ ಮುಗಿಸಿಕೊಂಡಿರಿ. ಮಗು ಇಲ್ಲಿಗೆ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಅಂತ ತೀರ್ಮಾನ ಮಾಡಿಕೊಂಡಿರಿ. ಫ್ರಿಜ್ಜು ಯಾರಿಗೆ, ಕಪಾಟು ಯಾರಿಗೆ, ಅದೂ ಆಯಿತು. ಅತ್ತೆ ಯಾರಿಗೆ ಅಂತ ಒಬ್ಬರೂ ಕೇಳಲಿಲ್ಲ. ಹೋಗಲಿ ಬಿಡು, ಗೋಡೆಗೆ ಹೊಡೆದ ಮೊಳೆ, ಗೋಡೆಯಲ್ಲೇ ಇರುತ್ತದೆ ಅಂದುಕೊಂಡಿರಿ.

ಆದರೆ ನಗುವ ಕಥೆ ಮುಂದಿದೆ. ಮಹಡಿಯ ಕಿಟಕಿಯಿಂದ ಪಕ್ಕದ ಮನೆ ಚೂಡಾಮಣಿಯೂ ಆ ನುಗ್ಗೆಮರವನ್ನು ನೋಡಿದ್ದಾಳೆ. ಅವಳ ಕಣ್ಣಿಗೆ ಬಿದ್ದದ್ದು ಬೀದಿಗೆ ಬೀಳುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನಿನಗೇನೂ ಹೇಳಬೇಕಾಗಿಲ್ಲ. ಒಂದು ಬಟ್ಟಲಲ್ಲಿ ಬಿಸಿ ಸಜ್ಜಿಗೆ ತುಂಬಿಕೊಂಡು, ಮೇಲೆ ಬಾಳೆಲೆ ತುಂಡು ಮುಚ್ಚಿಕೊಂಡು, ಮುಂಬಾಗಿಲಿಗೆ ಬಂದೇಬಿಟ್ಟಳು.

"ಏನ್ರೀ ಗುರುಬಸಮ್ಮನೋರೇ, ನಮಗೊಂದು ಮಾತು ಹೇಳ್ಬಾರ್ದಾ? ಸೊಸೆ ಬಂದಿರೋದು ನಾವು ಕಿಟಕೀಲಿ ನೋಡಿ ತಿಳ್ಕೋಬೇಕಾ? ಎಲ್ಲಿ ಪ್ರತಿಭಾ?"

ಬಂದಿಲ್ಲ ಕಣ್ರೀ, ಅದು ಸೀರೆ ಸುತ್ತಿದ ಮರ, ಅಂತ ಹೇಳುವುದಕ್ಕೇ ಬಾಯಿ ತೆರೆದೆ. ನಿನ್ನಾಣೆಗೂ ಅದನ್ನೇ ಹೇಳಬೇಕು ಅಂತಿದ್ದೆ. ಅವಳ ಮುಖದಲ್ಲಿ ಅಷ್ಟು ಸಂತೋಷ ಇತ್ತು ಪ್ರತಿಭಾ, ಸಜ್ಜಿಗೆಯಿಂದ ತುಪ್ಪದ ವಾಸನೆ ಬರುತ್ತಿತ್ತು.

"ಸ್ನಾನಕ್ಕೆ ಹೋಗಿದಾಳೆ" ಅಂದುಬಿಟ್ಟೆ.

"ಆಗ್ಲಿ ಆಗ್ಲಿ, ಹೊರಗೆ ಬಂದ್ಮೇಲೆ ಕೊಡಿ. ತಣ್ಣಗಾದ್ರೆ ಗಟ್ಟಿಯಾಗ್ಬಿಡತ್ತೆ" ಅಂದು ಹೋದಳು. ನಾನು ಬಾಗಿಲು ಹಾಕಿಕೊಂಡು ಬಂದು ಎರಡು ತಟ್ಟೆ ಇಟ್ಟೆ. ನಿನ್ನ ಪಾಲನ್ನೂ ನಾನೇ ತಿಂದೆ. ದ್ರಾಕ್ಷಿ ಬೇರೆ ಹಾಕಿದ್ದಳು.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಮಾರನೇ ದಿನ ಕೇಳಿದಳು, "ಆಫೀಸಿಗೆ ಹೋದ್ಲು" ಅಂದೆ. ಅದರ ಮಾರನೇ ದಿನ, "ತಲೆನೋವು ಅಂತ ಮಲಗಿದಾಳೆ." ಹೂವಿನವಳು ಒಂದು ಮೊಳ ಕನಕಾಂಬರ ಹೆಚ್ಚಿಗೆ ಕೊಟ್ಟು "ಅಕ್ಕನಿಗೆ" ಅಂದಳು, ಇಸ್ಕೊಂಡೆ. ಇಷ್ಟು ವಯಸ್ಸಾಗಿ ಇದೇನು ಆಟ ಅಂತ ನಿನಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಆದರೆ ಆ ದಿನಗಳಲ್ಲಿ ಪ್ರತಿಭಾ ಏನು ಮಾಡ್ತಿದಾಳೆ ಅಂತ ಯಾರಾದರೊಬ್ಬರು ಕೇಳುತ್ತಿದ್ದರು, ನಾನು ಉತ್ತರ ಹೇಳುತ್ತಿದ್ದೆ. ನೀನು ಹೋದಾಗಿನಿಂದ ನಿನ್ನ ಹೆಸರು ತೆಗೆಯುವುದಕ್ಕೆ ಜನ ಹಿಂದೆ ಮುಂದೆ ನೋಡುತ್ತಾರೆ, ಸತ್ತವರ ಹೆಸರಾದರೂ ಅದಕ್ಕಿಂತ ಧೈರ್ಯವಾಗಿ ಎತ್ತುತ್ತಾರೆ. ನಂದೀಶನ ಮುಂದೆ ನಾನೂ ಎತ್ತುವುದಿಲ್ಲ.

ಸೋಮವಾರ ನಿನ್ನ ಮೆಸೇಜು ಬಂತು. ಫೋನು ಗುರ್ರಂದಿತು, ನೋಡಿದರೆ ನಿನ್ನ ಚಿಕ್ಕ ಫೋಟೋ. ಅಕ್ಷರವೆಲ್ಲ ಇಂಗ್ಲಿಷಿನದು. ನಿನಗೆ ಗೊತ್ತಲ್ಲ, ನನಗೆ ಆ ಅಕ್ಷರ ಬಸ್ಸಿನ ಬೋರ್ಡಿನಲ್ಲಿದ್ದರೂ ಒಂದೇ, ಔಷಧಿ ಚೀಟಿಯಲ್ಲಿದ್ದರೂ ಒಂದೇ. ನಂದೀಶ ಮಲಗಿದ್ದ, ಎದ್ದಿದ್ದರೂ ನಿನ್ನ ಮೆಸೇಜನ್ನು ಅವನ ಕೈಯಲ್ಲಿ ಯಾವ ಬಾಯಿಂದ ಓದಿಸಲಿ? ಸಂಭ್ರಮದಲ್ಲಿ ಹಿಂದು ಮುಂದು ನೋಡದೆ ಫೋನು ಹಿಡಿದುಕೊಂಡು ಚೂಡಾಮಣಿಯ ಮನೆಗೆ ಓಡಿದೆ. "ಪ್ರತಿಭಾ ಮೆಸೇಜು ಹಾಕಿದಾಳೆ, ಸ್ವಲ್ಪ ಓದಿ ಹೇಳ್ರೀ" ಅಂದೆ. ಅಂದ ಮೇಲೆ ನನಗೆ ಹೊಳೆಯಿತು. ಒಳಗೆ ತಲೆನೋವು ಅಂತ ಮಲಗಿದವಳು ಪಕ್ಕದ ಕೋಣೆಯಿಂದ ಅತ್ತೆಗೆ ಮೆಸೇಜು ಹಾಕುತ್ತಾಳೆಯೇ!

ಚೂಡಾಮಣಿ ನನ್ನ ಮುಖ ನೋಡಿದಳು. ಕನ್ನಡಕ ಹಾಕಿಕೊಂಡಳು. ಮೊದಲ ಸಾಲಿಗೇ ನಿಲ್ಲಿಸಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು. ಆಮೇಲೆ ಓದಿದಳು. "ನಮಸ್ತೆ ಅತ್ತೆ, ಹೇಗಿದೀರಾ, ಎಲೆಬಳ್ಳೀದು ಒಂದು ಕಟಿಂಗ್ ಬೇಕಿತ್ತು, ನಾನು ಬರಕ್ಕಾಗಲ್ಲ, ಹುಡುಗನ್ನ ಕಳಿಸ್ತೀನಿ…" ಪೂರ್ತಿ ಓದಿ ಫೋನು ನನ್ನ ಕೈಗಿಟ್ಟಳು.

"ಹಾಗಾದ್ರೆ ಸ್ನಾನ ಇನ್ನೂ ಮುಗಿದಿಲ್ಲ ಅನ್ನಿ" ಅಂದಳು.

"ಇಲ್ಲ" ಅಂದೆ.

"ಕೂತ್ಕೊಳ್ಳಿ, ಕಾಫಿ ಮಾಡ್ತೀನಿ." ಅಷ್ಟೇ. ಬೀದಿಗೆಲ್ಲ ಏನು ಹೇಳಿದಳೋ ಗೊತ್ತಿಲ್ಲ, ಅವತ್ತಿನಿಂದ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅವಳ ಬಾಯಿಯ ಬಗ್ಗೆ ನಾನು ಎಷ್ಟೆಲ್ಲ ಅಂದಿದ್ದೇನೆ ನಿನ್ನ ಮುಂದೆ! ಅದರಲ್ಲಿ ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ. ಇನ್ನರ್ಧ ಇರಲಿ.

ಈಗ ಬಳ್ಳಿಯ ವಿಷಯ ಸರಿಯಾಗಿ ಕೇಳು. ಈ ಬಳ್ಳಿ ಅಂಗಡಿಯಿಂದ ತಂದದ್ದಲ್ಲ. ನಮ್ಮಪ್ಪನಿಗೆ ಊರಲ್ಲಿ ಎಲೆತೋಟ ಇತ್ತು. ನನ್ನನ್ನು ಈ ಚಾಮರಾಜಪೇಟೆಗೆ ಕಳಿಸುವಾಗ ನಮ್ಮವ್ವ ಮಡಿಲಕ್ಕಿ ತುಂಬಿ, ಅಕ್ಕಿ ಕೊಬ್ಬರಿ ಬೆಲ್ಲದ ಮಧ್ಯೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿಯ ತುಂಡನ್ನೂ ಹಾಕಿದಳು. ನಮ್ಮ ಕಡೆ ಎಲೆಬಳ್ಳಿ ಊರು ಬಿಡುವುದಾದರೆ ಮನೆಮಗಳ ಮಡಿಲಲ್ಲೇ ಬಿಡಬೇಕು, ಚೀಲದಲ್ಲಿ ಬುಟ್ಟಿಯಲ್ಲಿ ಅಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೀರೆ ಒದ್ದೆ, ಹೊಸ ಮದುವಣಗಿತ್ತಿಗೆ ನಾಚಿಕೆಯೋ ನಾಚಿಕೆ. ಆವತ್ತು ಈ ಹಿತ್ತಲಿಗೆ ಬಂದ ಬಳ್ಳಿ ಇಲ್ಲಿಂದ ಎಲ್ಲಿಗೂ ಹೋಗಿಲ್ಲ. ಯಾಕೆಂದರೆ ನನಗೆ ಹೆಣ್ಣುಮಕ್ಕಳಿಲ್ಲ. ಕೇಳಿದವರಿಗೆಲ್ಲ ಎಲೆ ಕಿತ್ತು ಕೊಟ್ಟಿದ್ದೇನೆ, ಬಳ್ಳಿ ಕೊಟ್ಟಿಲ್ಲ.

ಸೊಸೆಗೂ ಕೊಡುವ ಕ್ರಮವಿಲ್ಲ. ಸೊಸೆ ಮನೆಯಲ್ಲೇ ಇರುವವಳು, ಬಳ್ಳಿಯೂ ಮನೆಯಲ್ಲೇ ಇರುತ್ತದೆ, ಯಾರಿಗೆ ಯಾರು ಕೊಡುವುದು? ಆದರೆ ನೀನು ಈಗ ಈ ಮನೆಯ ಸೊಸೆಯಲ್ಲವಂತೆ. ಕಾಗದದಲ್ಲೇ ಬರೆದುಕೊಟ್ಟಿದ್ದಾರಂತೆ. ಸರಿ, ಹಾಗಾದರೆ ನನಗೆ ಅಡ್ಡಿಯೂ ಹೋಯಿತು. ಕೋರ್ಟಿನಿಂದ ನನಗೆ ಆದ ಉಪಕಾರ ಇದೊಂದೇ, ಇದನ್ನು ನಾನು ಬಿಡುವವಳಲ್ಲ. ಅಮ್ಮನನ್ನು ಕಳೆದುಕೊಂಡವಳು ನೀನು, ಈ ಮನೆಗೆ ಬರುವ ಮುಂಚೆಯೇ ನಿನಗೆ ಮಡಿಲು ತುಂಬುವ ಕೈ ಇರಲಿಲ್ಲ. ಬಂದು ಮಡಿಲೊಡ್ಡು, ಬಳ್ಳಿ ಹಾಕುತ್ತೇನೆ. ನನ್ನ ಹಣೆಯಲ್ಲಿ ವಿಭೂತಿ ಮಾತ್ರ ಇರುವುದು. ಅದಕ್ಕೆ ಕುಂಕುಮವನ್ನು ಚೂಡಾಮಣಿಯ ಕೈಯಲ್ಲಿ ಇಡಿಸುತ್ತೇನೆ, ಅವಳ ಯಜಮಾನರು ಕಲ್ಲುಗುಂಡಿನ ಹಾಗಿದ್ದಾರೆ. ನೀನು ಪ್ಯಾಂಟು ಹಾಕಿಕೊಂಡೇ ಬಾ ಬೇಕಾದರೆ, ಇಲ್ಲೇ ಹಳದಿ ಸೀರೆ ಇದೆ, ಮೇಲೆ ಸುತ್ತಿಕೊಂಡರಾಯಿತು.

ಈಗಲೇ ಬೇಡ. ಈ ಚಳಿಯಲ್ಲಿ ಕತ್ತರಿಸಿದರೆ ತಾಯಿಬಳ್ಳಿಯೂ ಹೋಗುತ್ತದೆ, ತುಂಡೂ ಬೇರು ಬಿಡುವುದಿಲ್ಲ. ಶಿವರಾತ್ರಿ ಕಳೆಯಲಿ, ಹೊಸ ಚಿಗುರು ಬರಲಿ, ಆಗ ಬಾ. ಅಲ್ಲಿಯ ತನಕ ಇದನ್ನು ಬದುಕಿಸಿಕೊಳ್ಳುವುದು ನನ್ನ ಪಾಲಿಗಿರಲಿ. ದಿನಾ ಸಂಜೆ ಸುತ್ತುತ್ತೇನೆ, ಬಿಸಿಲು ಬಂದ ಮೇಲೆ ಬಿಚ್ಚುತ್ತೇನೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆ ಇದೆ. ಇನ್ನೂ ಪುಷ್ಯ ಮಾಸ ಬಾಕಿ ಇದೆ. ಬಳ್ಳಿ ಸತ್ತುಹೋದರೆ ನಿನ್ನನ್ನು ಏನು ನೆಪ ಹೇಳಿ ಕರೆಯಲಿ? ಅವರೆಕಾಯಿ ನಿಮ್ಮ ಕಡೆಯ ಅಂಗಡಿಯಲ್ಲೂ ಸಿಗುತ್ತದೆ, ಸೇವಂತಿಗೆ ಎಲ್ಲಿ ಬೇಕಾದರೂ ಸಿಗುತ್ತದೆ. ನಂದೀಶ ಇರುವಾಗ ಬರುವುದು ಮುಜುಗರವಾದರೆ ಅವನಿಗೆ ಹಗಲು ಪಾಳಿ ಇರುವ ದಿನ ಹೇಳುತ್ತೇನೆ. ಮೆಟ್ರೊ ಮಾರ್ಕೆಟ್ಟಿಗೆ ನೇರ ಬರುತ್ತದಂತೆ, ಅಲ್ಲಿಂದ ಆಟೋದವನು ಎರಡು ಸಲ ಕೆಮ್ಮುವುದರೊಳಗೆ ನಮ್ಮ ಮನೆ.

ನಿನ್ನೆ ಗೋಡೆಯ ಅವರೆ ಬಿಡಿಸಿ, ರಾತ್ರಿ ನೆನೆಹಾಕಿ, ಇವತ್ತು ಒಬ್ಬಳೇ ಕೂತು ಹಿತುಕಿದೆ. ಇಬ್ಬರು ಕೂತರೆ ಮಾತಿನ ಮಧ್ಯೆ ಬೋಗುಣಿ ತುಂಬಿದ್ದೇ ಗೊತ್ತಾಗುತ್ತಿರಲಿಲ್ಲ. ನೀನು ಒಂದು ಕಾಳು ಹಿತುಕಿ ನನ್ನ ಮೂಗಿಗೆ ಹಾರಿಸುತ್ತಿದ್ದೆ, ನಾನು ಬೈಯುತ್ತಿದ್ದೆ. ಇವತ್ತು ಕಾಳು ಹಾರಿ ಎಲ್ಲೆಲ್ಲೋ ಬಿತ್ತು, ಬೈಯುವುದಕ್ಕೆ ಯಾರೂ ಇರಲಿಲ್ಲ. ಬೇಳೆಯನ್ನು ಒಣಗಿಸಿಡುತ್ತೇನೆ, ಭಾನುವಾರ ಆರಾಧನಾ ಬಂದಾಗ ಅವಳಿಗೆ ಹಿತುಕಿದ ಬೇಳೆ ಸಾರು ಮಾಡಿ, ಒಂದು ಡಬ್ಬಿ ನಿನಗೂ ಕಳಿಸುತ್ತೇನೆ. ಈ ಕಾಗದವನ್ನೂ ಅವಳ ಬ್ಯಾಗಿನಲ್ಲೇ ಹಾಕುತ್ತೇನೆ. ಡಬ್ಬಿ ವಾಪಸ್ ಕಳಿಸುವ ಅವಸರವಿಲ್ಲ. ನೀನೇ ತಂದರೆ ಸಾಕು.

ಹದಿಮೂರನೇ ಮಹಡಿಯಲ್ಲಿ ಗಾಳಿ ಜೋರಿರುತ್ತದೆ, ಮಗುವಿನ ಕಿವಿಗೆ ಟೋಪಿ ಹಾಕು. ನಿನಗೆ ಚಳಿಗೆ ಹಿಮ್ಮಡಿ ಒಡೆಯುತ್ತದೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು, ಸೋಮಾರಿತನ ಮಾಡಬೇಡ. ತಲೆ ಎತ್ತಿಕೊಂಡು ಬಾಳು. ಹೊಟ್ಟೆ ತುಂಬ ಉಣ್ಣು. ನೀನು ನೆಟ್ಟದ್ದೆಲ್ಲ ಹಿಡಿಯಲಿ, ನಿನ್ನ ಮಗಳು ನಿನಗೆ ನೆರಳಾಗಲಿ. ಶಿವ ನಿಮ್ಮಿಬ್ಬರನ್ನೂ ಬೆಚ್ಚಗೆ ಇಟ್ಟಿರಲಿ.

ಇಂತಿ,
ಗುರುಬಸಮ್ಮ

ಮರೆತ ಮಾತು, ಭಾನುವಾರ.

ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಆರಾಧನಾ ಬಂದಳು, ಸಾರು ಸುರಿದುಕೊಂಡು ಊಟ ಮಾಡಿದಳು. ಆಮೇಲೆ ನನಗೊಂದು ಆಸೆ ಬಂತು. ಚೂಡಾಮಣಿಯ ಬಾಯಲ್ಲಿ ಕೇಳಿದ "ನಮಸ್ತೆ ಅತ್ತೆ" ಅನ್ನುವುದನ್ನು ಇನ್ನೊಂದು ಸಲ ಕೇಳಬೇಕು ಅಂತ. ಮಗುವಿನ ಗಂಟಲು ನಿನ್ನ ಗಂಟಲಿನ ಹಾಗೇ ಇದೆಯಲ್ಲ. ಫೋನು ಕೊಟ್ಟು, "ನಿಮ್ಮಮ್ಮ ಏನು ಬರೆದಿದಾಳೆ, ಮೊದಲನೇ ಸಾಲು ಓದು" ಅಂದೆ.

"ನಮಸ್ತೆ ಆಂಟಿ" ಅಂತ ಓದಿದಳು.

"ಸರಿಯಾಗಿ ಓದೇ."

"ಸರಿಯಾಗೇ ಓದ್ತಿದೀನಿ ಅಜ್ಜಿ. ಆಂಟಿ ಅಂತಾನೇ ಇರೋದು." ನನ್ನ ಮುಖ ನೋಡಿದಳೇನೋ, ಸ್ವಲ್ಪ ತಡೆದು, "ಅಮ್ಮ ಯಾರೋ ಆಂಟಿಗೆ ಕಳ್ಸಕ್ಕೆ ಹೋಗಿ ತಪ್ಪಿ ನಿಂಗೆ ಕಳ್ಸಿದಾಳೆ ಅನ್ಸತ್ತೆ" ಅಂದಳು.

"ಹೂಂ, ಹಂಗೇ ಇರ್ಬೇಕು" ಅಂದೆ.

ಚೂಡಾಮಣಿ ಕನ್ನಡಕ ಒರೆಸಿದ್ದು ಯಾಕೆ ಅಂತ ಈಗ ತಿಳಿಯಿತು. ನನಗೆ ತಿಳಿಯಿತು ಅಂತ ನೀನು ಬಂದಾಗ ಅವಳಿಗೆ ಹೇಳಬೇಡ.

ನಿನ್ನ ಮೇಲೆ ಕೋಪವಿಲ್ಲ. ನಾನು "ಚಿ. ಸೌ." ಬರೆದು ಪೆನ್ನು ಹಿಡಿದು ಕೂತ ಹಾಗೆ ನೀನೂ ಫೋನು ಹಿಡಿದು ಕೂತಿದ್ದಿರಬೇಕು, ಇವಳನ್ನು ಈಗ ಏನಂತ ಕರೆಯಲಿ ಅಂತ. ಬಿಟ್ಟ ಗಂಡನ ತಾಯಿಗೆ ಯಾರೂ ಒಂದು ಹೆಸರು ಮಾಡಿಟ್ಟಿಲ್ಲ. ಆದರೆ ಆಂಟಿ ಅನ್ನಬೇಡ ಕಣೇ. ಸೊಪ್ಪಿನ ಗಾಡಿಯವನು ಕೂಡ ನನ್ನನ್ನು ಹಾಗೆ ಕರೆಯುವುದಿಲ್ಲ. ಅತ್ತೆ ಅನ್ನುವುದಕ್ಕೆ ಬಾಯಿ ಬಾರದಿದ್ದರೆ ಬೇಡ. ಹೆಸರು ಹಿಡಿದು ಕರೆ. ಗುರುಬಸಮ್ಮಾ ಅಂತ ಗೇಟಿನಿಂದ ಒಂದು ಕೂಗು ಹಾಕು, ಬೀದಿಯವರು ಏನಾದರೂ ಅಂದುಕೊಳ್ಳಲಿ. ನಾನು ಹಿತ್ತಲಲ್ಲೇ ಇರುತ್ತೇನೆ, ಕೇಳಿಸುತ್ತದೆ.